ತಲೆ ಯಾರದು, ಮೈ ಯಾರದು

ಮೈ ಸಿಕ್ಕಿದೆ ಎಂಬ ಸುದ್ದಿ ಬಂದಾಗ ಟೊಂಗ್ ಲಿಶಾನನ ಬಾಯಲ್ಲಿ ಹುಳಿ ಎಲೆಕೋಸಿನ ಕಡುಬು ಅರ್ಧ ಅಗಿದು ನಿಂತಿತ್ತು. ಹೆಂಡತಿ ಯಾಚಿನ್ ಒಂದು ಕೈಯಲ್ಲಿ ಕಡುಬಿನ ಬಟ್ಟಲು ಹಿಡಿದು ಇನ್ನೊಂದು ಕೈಯಲ್ಲಿ ಫೋನನ್ನು ಅವನ ಕಿವಿಗೆ ಒತ್ತಿ ಕೂತಿದ್ದಳು. ಗಟ್ಟಿ ಆಳು, ರಕ್ತವೂ ಹೊಂದುತ್ತದೆ, ಎತ್ತರವೂ ಹೊಂದುತ್ತದೆ ಎಂದು ಡಾಕ್ಟರ್ ಮೆಂಗ್ ಆ ಕಡೆಯಿಂದ ಒಂದೇ ಉಸಿರಿಗೆ ಹೇಳಿದ್ದೇ ತಡ, ಕಡುಬು ಗಂಟಲಿಗೆ ಸಿಕ್ಕಿಕೊಂಡಿತು. ಯಾಚಿನ್ ಫೋನು ಬಿಸಾಡಿ ಗಂಡನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದತೊಡಗಿದಳು. ಐದು ವರ್ಷ ಮೈ ಅಲ್ಲಾಡದೆ ಬಿದ್ದವನು ಹೊಸ ಮೈ ಸಿಕ್ಕ ದಿನವೇ ಕಡುಬು ಸಿಕ್ಕಿ ಸತ್ತನೆಂದರೆ ಹಾರ್ಬಿನ್ ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿರಲಿಲ್ಲವೇ?

ಕಡುಬು ಕೆಳಗಿಳಿಯಿತು. ಲಿಶಾನ್ ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇನ್ನೊಂದು ಕೊಡು" ಎಂದ. ಹಾಗೆಂದವನು ಅತ್ತುಬಿಟ್ಟ. ಯಾಚಿನ್ ಅವನ ಮೂಗು ಒರೆಸುತ್ತ ತಾನೂ ಅತ್ತಳು. ಆಮೇಲೆ ಇಬ್ಬರೂ ನಗತೊಡಗಿದರು, ನಕ್ಕು ನಕ್ಕು ಸುಸ್ತಾದರು.

ಈ ಲಿಶಾನನನ್ನು ಅರಿಯದವರು ಆ ಊರಿನಲ್ಲಿ ಕಡಿಮೆ. ಸೊಂಗ್‌ಹುವಾ ನದಿ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆ ಕೊಯ್ದು ಮಾಡುವ ಕೊಳಕ್ಕೆ, ಬರಿಯ ಚಡ್ಡಿಯಲ್ಲಿ, ಎತ್ತರದ ಅಟ್ಟದಿಂದ ತಲೆಕೆಳಗಾಗಿ ಹಾರುತ್ತಿದ್ದ ಗಂಡು ಅವನು. ದಕ್ಷಿಣದಿಂದ ಬಂದ ಪ್ರವಾಸಿಗರು ದಪ್ಪ ಕೋಟಿನೊಳಗೇ ಗಡಗಡ ನಡುಗುತ್ತ ಚಪ್ಪಾಳೆ ತಟ್ಟುವರು. ಆ ಚಪ್ಪಾಳೆಯೇ ಅವನನ್ನು ಕೆಡಿಸಿದ್ದು. ನೀರಿನಲ್ಲಿ ತೇಲಿಬಂದ ಗಡ್ಡೆಯೊಂದನ್ನು ಜೊತೆಗಾರರು ಕೊಕ್ಕೆ ಹಾಕಿ ಎಳೆಯುತ್ತಿದ್ದರು, ಸ್ವಲ್ಪ ತಾಳು ಎಂದು ಕೂಗುತ್ತಿದ್ದರು. ತಾಳ್ಮೆ ಎನ್ನುವುದು ಟೊಂಗ್ ವಂಶದಲ್ಲೇ ಹುಟ್ಟಲಿಲ್ಲ. ಹಾರಿದ. ಕುತ್ತಿಗೆ ಮುರಿಯಿತು, ಪ್ರಾಣ ಉಳಿಯಿತು. ಕುತ್ತಿಗೆಯಿಂದ ಮೇಲೆ ಅದೇ ಹಳೆಯ ಬಾಯಿಬಡುಕ ಲಿಶಾನ್. ಕೆಳಗೆ ಯಾರೋ ಬಿಟ್ಟುಹೋದ ಗಂಟುಮೂಟೆ. ಈಗ ಆ ಮೂಟೆಯೊಳಗಿನ ಮೂತ್ರಪಿಂಡಗಳೂ ಕೈಕೊಡುತ್ತಿದ್ದವು. ಬೇರೆಯದನ್ನು ಹಾಕಿದರೆ ಈ ಮೈ ತಾಳದು, ಇನ್ನೊಂದು ಚಳಿಗಾಲ ಕಂಡರೆ ಪುಣ್ಯ ಎಂದು ಡಾಕ್ಟರುಗಳು ಯಾಚಿನ್‌ಳ ಕಿವಿಯಲ್ಲಿ ಹೇಳಿದ್ದರು. ಅವನಿಗೆ ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿದ್ದದ್ದರಿಂದ ಅದೂ ಗೊತ್ತಿತ್ತು.

ಡಾಕ್ಟರ್ ಮೆಂಗ್ ಸಿಕ್ಕಿದ್ದು ಆಗಲೇ. ಬಡಕಲು ಮನುಷ್ಯ, ಊಟ ಮರೆಯುವ ಜಾತಿ. ಒಬ್ಬರ ತಲೆಯನ್ನು ಇನ್ನೊಬ್ಬರ ಮೈಗೆ ಜೋಡಿಸಬೇಕೆಂಬುದು ಅವನ ಹುಚ್ಚು. ಜನ ಅದನ್ನು ತಲೆ ಕಸಿ ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತಲೆ ಇರುವವನೇ ರೋಗಿ, ಬದಲಾಗುವುದು ಮೈ, ಆದ್ದರಿಂದ ಮೈ ಕಸಿ ಎನ್ನಿ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ರಾಶಿ ರಾಶಿ ಇಲಿಗಳ ತಲೆ ಬದಲಿಸಿದ್ದ. ಅವು ಒಂದು ಹಗಲು ಒಂದು ರಾತ್ರಿ ಬದುಕುತ್ತಿದ್ದವು. ಒಂದು ಕೋತಿ ಎಚ್ಚರಗೊಂಡು ಕಣ್ಣು ಮಿಟುಕಿಸಿತ್ತು. ಅದರ ಸಂಕಟ ನೋಡಲಾರದೆ ತಾನೇ ಮತ್ತೆ ಏಳದ ಹಾಗೆ ಮಲಗಿಸಿದ್ದ. ಹೆಣಗಳ ಮೇಲೆ ಇಡೀ ಕೆಲಸದ ತಾಲೀಮು ನಡೆಸಿದ್ದ. ರಕ್ತನಾಳ ಹೊಲಿಯಬಹುದು, ಮೂಳೆಗೆ ಮೊಳೆ ಹೊಡೆಯಬಹುದು. ಬೆನ್ನುಹುರಿಯೊಂದೇ ಕಷ್ಟ. ಕತ್ತರಿಸಿದ ಶಾವಿಗೆ ಕಟ್ಟನ್ನು ಇನ್ನೊಂದು ಕಟ್ಟಿಗೆ ಎಳೆಗೆ ಎಳೆ ಕೂಡಿಸಬೇಕಲ್ಲ, ಹಾಗೆ. ಅದಕ್ಕೊಂದು ಅಂಟು ಮಾಡಿದ್ದೇನೆ, ಕೂಡುತ್ತದೆಂದು ನಂಬಿದ್ದೇನೆ ಎಂದಿದ್ದ. ಗೊತ್ತು ಎನ್ನಲಿಲ್ಲ, ನಂಬಿದ್ದೇನೆ ಎಂದ. ಆ ಪ್ರಾಮಾಣಿಕತೆಗೇ ಲಿಶಾನ್ ಮರುಳಾದದ್ದು.

"ಜೋಡಣೆ ಆದ್ಮೇಲೂ ಕೈ ಕಾಲು ಅಲ್ಲಾಡದೆ ಇರಬಹುದು" ಎಂದು ಮೆಂಗ್ ಎಚ್ಚರಿಸಿದ್ದ.

"ಈಗ ಅಲ್ಲಾಡ್ತಿವೆಯಾ ಡಾಕ್ಟ್ರೇ?" ಎಂದು ಲಿಶಾನ್ ಕೇಳಿದ್ದ. "ಒಳ್ಳೆ ಮೂತ್ರಪಿಂಡ ಇರೋ ಮೈ ಬರತ್ತಲ್ಲ, ಅಷ್ಟು ಸಾಕು. ಅಲ್ಲಾಡಿದ್ರೆ ಲಾಭ."

ಹಾಗಾಗಿ ಸುದ್ದಿ ಬಂದ ಮಧ್ಯಾಹ್ನವೇ ದಾವ್‌ವಾಯ್ ಬೀದಿಯ ಆ ಹಳೆ ಕಟ್ಟಡದ ಮೆಟ್ಟಿಲ ಮೇಲೆ ಜಾತ್ರೆ. ಕೆಳಗಿನ ಮನೆಯವರು ಹೆಪ್ಪುಗಟ್ಟಿದ ಪೇರು ಹಣ್ಣು ತಂದರು, ಎದುರು ಮನೆಯವರು ಕೆಂಪು ಸಾಸೇಜು ತಂದರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಲಿಶಾನ್ ಪುಣ್ಯವಂತ, ಎರಡೂ ಒಂದೇ ಕಡೆ ಕೂಡಿಬಂತು ಎಂದರು. ಹೊಸ ಕೈ ಮಜೋಂಗ್ ಆಟದಲ್ಲಿ ಮೋಸ ಮಾಡಿದರೆ ಬೈಗುಳ ಯಾವ ಮನೆತನಕ್ಕೆ ಎಂದು ಒಬ್ಬ ಕೇಳಿದ. ಮೈಯವನಿಗೆ ಮೀನು ಸೇರದಿದ್ದರೆ ಏನು ಗತಿ ಎಂದು ಇನ್ನೊಬ್ಬ. ನಾಲಿಗೆ ನನ್ನದು, ಹೊಟ್ಟೆಗೇನು ಕೇಳುವ ಹಕ್ಕು ಎಂದು ಲಿಶಾನ್ ಗದರಿದ. ಮೂರನೆಯ ಮಹಡಿಯ ವಿಧವೆ, ಬಾಯಿಗೆ ಬೀಗವಿಲ್ಲದವಳು, ಹೊಸ ಮೈಯವನು ಇಪ್ಪತ್ತರ ಹರೆಯದವನಂತೆ, ಯಾಚಿನ್‌ಳ ಅದೃಷ್ಟ ಖುಲಾಯಿಸಿತು ಎಂದಳು. ಯಾಚಿನ್ ಒಂದು ಪೇರುಹಣ್ಣು ಬೀಸಿ ಒಗೆದಳು. ಹೆಪ್ಪುಗಟ್ಟಿದ ಪೇರೆಂದರೆ ಕಲ್ಲೇ. ತಗುಲಿದ್ದರೆ ಆ ದಿನ ಎರಡನೆಯ ತಲೆಯೂ ಬೇಕಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಯಾಚಿನ್ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳು. ಆ ಕಾಲನ್ನು ಐದು ವರ್ಷದಿಂದ ದಿನಕ್ಕೆ ಎರಡು ಸಲ ತಿಕ್ಕುತ್ತಿದ್ದಾಳೆ. ಮನೆಯವರ ಸಹಿ ಇಲ್ಲದೆ ಯಾವ ಆಸ್ಪತ್ರೆಯವರೂ ಕತ್ತಿ ಮುಟ್ಟುವುದಿಲ್ಲ. ಆ ಸಹಿಯನ್ನೂ ಅವಳೇ ಹಾಕಿದ್ದಳು.

"ಒಂದು ಕೇಳ್ತೀನಿ, ನಗಬಾರದು" ಎಂದಳು. "ಆ ಕೈ ನನ್ನನ್ನ ಮುಟ್ಟಿದ್ರೆ, ನೀನು ಮುಟ್ಟಿದ ಹಾಗಾ?"

"ಮುಟ್ಟು ಅಂತ ಹೇಳೋನು ನಾನಲ್ವೇನೇ?"

"ಹೇಳಿದ್ದನ್ನ ಕೈ ಕೇಳ್ಬೇಕಲ್ಲ, ಮಾರಾಯ. ನಿನ್ನ ಕೈ ಇದ್ದಾಗಲೂ ಕೇಳ್ತಿರಲಿಲ್ಲ."

ಲಿಶಾನ್ ನಕ್ಕ. ಅವಳು ನಗಲಿಲ್ಲ. ಈ ಕಾಲು, ಈ ಹೊಟ್ಟೆಯ ಮೇಲಿನ ಹಳೆ ಗಾಯ, ಇದನ್ನೆಲ್ಲ ಎಲ್ಲಿಗೆ ಕಳಿಸುತ್ತಾರೆ, ಸುಡುತ್ತಾರಾ, ಸುಟ್ಟರೆ ಬೂದಿ ನನಗೆ ಕೊಡುತ್ತಾರಾ, ಕೊಟ್ಟರೆ ನಾನು ವಿಧವೆಯೋ ಮುತ್ತೈದೆಯೋ ಎಂದು ಕೇಳಿದಳು.  ಸಂತೋಷ ಬೆಟ್ಟದಷ್ಟಿದ್ದಾಗ ಇಂಥ ಪ್ರಶ್ನೆಗಳು ಕಾಲಿಗೆ ಚುಚ್ಚುವ ಮುಳ್ಳಿನ ಹಾಗೆ, ಮತ್ತು ಅವನಿಗೆ ಕಾಲು ಚುಚ್ಚಿದರೆ ತಿಳಿಯುತ್ತಿರಲಿಲ್ಲ.

ಮರುದಿನ ನೀತಿ ಸಮಿತಿಯ ಕಡೆಯಿಂದ ಪ್ರೊಫೆಸರ್ ಲುವಾನ್ ಬಂದಳು. ಈ ಶಸ್ತ್ರಚಿಕಿತ್ಸೆ ಮಾಡಬಹುದೋ ಬಾರದೋ ಎಂದು ತೀರ್ಮಾನಿಸುವ ಸಮಿತಿ ಅದು, ಮಾರನೆಯ ಬೆಳಿಗ್ಗೆ ಕೂಡಲಿತ್ತು. ಬೆಳ್ಳಿ ಕೂದಲಿನ, ಬೆನ್ನು ನೆಟ್ಟಗಿಟ್ಟುಕೊಂಡ ಹೆಂಗಸು. ಕೊಟ್ಟ ಚಹಾ ಮುಟ್ಟಲಿಲ್ಲ. ಇಲಿ ಬದುಕಿದ್ದು ಒಂದು ದಿನ, ನೀನು ಎಷ್ಟು ದಿನಕ್ಕೆ ಆಸೆಪಟ್ಟಿದ್ದೀಯ ಎಂದು ನೇರ ಕೇಳಿದಳು. ನಾನು ಇಲಿಗಿಂತ ಹಟಮಾರಿ ಎಂದ ಲಿಶಾನ್. ಅವಳ ತುಟಿಯ ಒಂದು ಕೊನೆ ಸ್ವಲ್ಪ ಸಡಿಲವಾಯಿತು. ಆದರೆ ಮುಂದಿನದು ತಮಾಷೆಯಾಗಿರಲಿಲ್ಲ.

"ಆ ಮೈಯಲ್ಲಿ ಒಂದು ಹೃದಯ ಇದೆ, ಪಿತ್ತಜನಕಾಂಗ ಇದೆ, ಎರಡು ಮೂತ್ರಪಿಂಡ, ಶ್ವಾಸಕೋಶ. ಐದಾರು ಜನ ಕಾಯ್ತಿದಾರೆ. ಆ ಕೆಲಸ ನಮಗೆ ಗೊತ್ತಿರೋ ಕೆಲಸ, ಅವರು ಬದುಕ್ತಾರೆ. ನಿನ್ನದು ಯಾರೂ ಮಾಡದ ಕೆಲಸ. ಅವರನ್ನ ಬಿಟ್ಟು ನಿನಗೇ ಯಾಕೆ ಕೊಡ್ಬೇಕು?"

"ಅವರನ್ನ ಇಲ್ಲಿಗೆ ಕರ್ಕೊಂಡು ಬನ್ನಿ ಮೇಡಂ, ಜಗಳ ಆಡ್ತೀನಿ" ಎಂದ ಲಿಶಾನ್. "ನಂಗೆ ಬದುಕೋ ಆಸೆ. ಅವರಿಗೂ ಅದೇ ಆಸೆ. ನಾನು ಅವರಿಗಿಂತ ಒಳ್ಳೆಯವನು ಅಂತ ಹೇಳೋಕೆ ನಾನೇನು ಸಂತನಾ? ಮೊದಲು ಯಾರೋ ಒಬ್ಬ ಹಾರಲೇಬೇಕು. ಹಾರೋದು ನಂಗೆ ಗೊತ್ತು."

ಹಾಗೆ ಹಾರಿಯೇ ಹೀಗಾದೆಯಲ್ಲಪ್ಪ ಎಂದು ಅವಳು ಅನ್ನಲಿಲ್ಲ, ಆದರೆ ನೋಡಿದ ನೋಟದಲ್ಲಿ ಅದಿತ್ತು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, ನಾಳೆ ನನ್ನ ಮತ ಯಾವ ಕಡೆಗೆ ಎಂದು ನನಗೇ ತಿಳಿದಿಲ್ಲ ಎಂದಳು. ಮೈಯವನ ತಂದೆತಾಯಿ ಒಪ್ಪಿರುವುದು ಮೆಂಗ್‌ನ ಕಡೆಗೆ ದೊಡ್ಡ ಬಲ, ತಾವಾಗಿ ಸಂತೋಷದಿಂದ ಒಪ್ಪಿದರಂತೆ, ಇಂಥದ್ದನ್ನು ಕಂಡಿಲ್ಲ ಎಂದೂ ಹೇಳಿದಳು. ಲಿಶಾನನ ಕಿವಿಗೆ ಬಿದ್ದದ್ದು ಬಲ ಎಂಬ ಮಾತೊಂದೇ. ಅವನಿಗೆ ಗೆದ್ದೇ ಬಿಟ್ಟೆ ಎನ್ನಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಹೊಸ ಕಾಲಿಗೆ ಬೂಟಿನ ಅಳತೆ ಕೇಳು ಎಂದು ಯಾಚಿನ್‌ಳಿಗೆ ಆಗಲೇ ಅಪ್ಪಣೆ ಮಾಡಿದ.

ಬಾಗಿಲು ಮತ್ತೆ ತಟ್ಟಿದ್ದು ಆ ದಿನ ಮಧ್ಯಾಹ್ನ. ಟೀವಿಯವರು ಲಿಶಾನನ ಮುಖವನ್ನೂ ಕಟ್ಟಡವನ್ನೂ ತೋರಿಸಿಬಿಟ್ಟಿದ್ದರಿಂದ ಮನೆ ಹುಡುಕುವುದು ಯಾರಿಗೂ ಕಷ್ಟವಿರಲಿಲ್ಲ. ಇಬ್ಬರು ಮುದಿ ಗಂಡಹೆಂಡಿರು ಬೂಟಿನ ಹಿಮ ಕುಟ್ಟಿ ಉದುರಿಸಿ ಒಳಗೆ ಬಂದರು. ಮುದುಕನ ಹೆಗಲ ಮೇಲೆ ಹೊಸ ಅಕ್ಕಿಯ ಮೂಟೆ. ಮುದುಕಿಯ ಕೈಯಲ್ಲಿ ಬಾತುಕೋಳಿ ಮೊಟ್ಟೆಯ ಬುಟ್ಟಿ, ಅದರ ಮೇಲೆ ಮಡಚಿದ ಕೆಂಪು ನಡುಪಟ್ಟಿ, ಕೆಂಪು ಕಾಲುಚೀಲ. ವುಚಾಂಗ್ ಕಡೆಯ ರೈತರು, ಹೆಸರು ಗೆಂಗ್ ಎಂದರು. ಆಸ್ಪತ್ರೆಯಲ್ಲಿ ಯಂತ್ರದ ಮೇಲೆ ಮಲಗಿರುವ ಹುಡುಗನ ತಂದೆತಾಯಿ.

 ಇವರು ಅಳಲು ಬಂದರೆಂದು ಭಾವಿಸಿ ಯಾಚಿನ್ ಕುರ್ಚಿ ಎಳೆದಳು, ಬಿಸಿನೀರು ತಂದಳು. ಆದರೆ ಅವರು ಅಳುವ ಹಾಗೆ ಕಾಣಲಿಲ್ಲ. ಮುದುಕ ಲಿಶಾನನ ಮುಖವನ್ನು, ಸಂತೆಯಲ್ಲಿ ಒಳ್ಳೆ ಹೋರಿ ನೋಡುವವನ ಹಾಗೆ, ತಲೆ ವಾಲಿಸಿ ವಾಲಿಸಿ ನೋಡಿ ಖುಷಿಪಟ್ಟ.

"ತಮ್ಮಾ, ನಮ್ಮ ಹುಡುಗನಿಗೆ ತಲೆ ಕೊಡ್ತಿರೋ ಪುಣ್ಯಾತ್ಮ ನೀನೇನಾ?"

ಲಿಶಾನ್ ಗೊಳ್ಳೆಂದು ನಕ್ಕ. ಹಳ್ಳಿಯವರ ತಮಾಷೆ ಎಂದುಕೊಂಡ. ನಗುತ್ತ ನಗುತ್ತ ಮುದುಕನ ಮುಖ ನೋಡಿದ. ಅಲ್ಲಿ ತಮಾಷೆ ಇರಲಿಲ್ಲ. ಅವನ ನಗು ಅರ್ಧಕ್ಕೆ ನಿಂತಿತು.

ಮುದುಕ ಹೇಳುತ್ತ ಹೋದ. ಹುಡುಗ ಇಲ್ಲಿಯೇ ಸಾರ್ವಜನಿಕ ಸ್ನಾನಗೃಹದಲ್ಲಿ ಜನರ ಮೈ ಉಜ್ಜುವ ಕೆಲಸ ಮಾಡುತ್ತಿದ್ದ. ಒದ್ದೆ ಚಪ್ಪಲಿಯಲ್ಲೇ ಹೊರಗೆ ಕಸ ಚೆಲ್ಲಲು ಹೋಗಿ ಮೆಟ್ಟಿಲ ಮೇಲಿನ ಮಂಜಿನಲ್ಲಿ ಜಾರಿದ, ತಲೆಯ ಹಿಂಭಾಗ ಒಡೆಯಿತು. ಇಲಿ, ಹುಲಿ ಎಂದು ಹನ್ನೆರಡು ವರ್ಷಕ್ಕೊಮ್ಮೆ ಸುತ್ತಿ ಬರುವ ಪ್ರಾಣಿಗಳ ವರ್ಷಗಳಲ್ಲಿ ಅವನು ಹುಟ್ಟಿದ ವರ್ಷ ಮತ್ತೆ ಬಂದಿತ್ತು. ಹುಟ್ಟುವರ್ಷ ತಿರುಗಿ ಬಂದಾಗ ಕೇಡು, ಕೆಂಪು ಕಟ್ಟಿಕೋ ಎಂದು ತಾಯಿ ಬಡಿದುಕೊಂಡರೂ ಕೇಳಲಿಲ್ಲ. ತಲೆ ಕೆಟ್ಟಿದೆ, ಮೈ ಬದುಕುತ್ತದೆ, ಬೇರೆ ತಲೆ ಜೋಡಿಸುತ್ತೇವೆ ಎಂದು ಆಸ್ಪತ್ರೆಯ ಹುಡುಗಿ ಹೇಳಿದಳು. ಮೊದಲು ನಂಬಲಾಗಲಿಲ್ಲ. ಆಮೇಲೆ ಊರಿನ ಮೇಷ್ಟರು ನೆನಪಾದರು. ಅವರಿಗೆ ಯಾರದೋ ಮೂತ್ರಪಿಂಡ ಹಾಕಿದ್ದಾರೆ, ಮೇಷ್ಟರು ಮೇಷ್ಟರಾಗಿಯೇ ಇದ್ದಾರೆ, ಮೊದಲಿನ ಹಾಗೆಯೇ ಬೈಯುತ್ತಾರೆ. ಎದೆ ಬಡಿಯುತ್ತಿದೆ, ಮೈ ಬಿಸಿ ಇದೆ, ಗಡ್ಡ ಬೆಳೆಯುತ್ತಿದೆ, ನಾವು ಹೆತ್ತುಕೊಟ್ಟ ಮೈ ಪೂರ್ತಿ ಅಲ್ಲೇ ಇದೆ. ಕೆಟ್ಟದ್ದೊಂದು ಬದಲಾದರೆ ನಮ್ಮ ಹುಡುಗ ನಮ್ಮ ಹುಡುಗನೇ ತಾನೆ?

ಲಿಶಾನನಿಗೆ ಈಗ ಅರ್ಥವಾಯಿತು.  ತನ್ನನ್ನು ಬದುಕಿಸುವ ಮೈ ಎಂದು ತಾನು ಕುಣಿಯುತ್ತಿದ್ದರೆ, ಇಲ್ಲಿ ಇವರು ತಮ್ಮ ಮಗನನ್ನು ಬದುಕಿಸುವ ತಲೆ ಎಂದು ಅಕ್ಕಿ ಹೊತ್ತು ತಂದಿದ್ದಾರೆ. ಸಾಯುವ ದಾನಿ ತಾನು! ನಿನಗೂ ಹೆಚ್ಚು ದಿನ ಇಲ್ಲವಂತೆ, ಹೋಗುವ ಮುಂಚೆ ಇಂಥ ದಾನ ಮಾಡಲು ಎಷ್ಟು ದೊಡ್ಡ ಮನಸ್ಸು ಬೇಕು ಎಂದು ಮುದುಕ ಹೊಗಳುತ್ತಲೇ ಇದ್ದ. ಯಾಚಿನ್‌ಳ ಕಡೆ ತಿರುಗಿ, ನಿನ್ನ ಗಂಡ ಹೋದ ಮೇಲೆ ನೀನು ನಮ್ಮ ಮಗಳು, ನಮ್ಮ ಮನೆಯಲ್ಲಿ ಅನ್ನಕ್ಕೆ ಬರವಿಲ್ಲ ಎಂದ.

ಲಿಶಾನ್ ಹೆಂಡತಿಯ ಕಡೆ ನೋಡಿದ. ಅವಳು ಗೋಡೆಗೆ ಒರಗಿ, ಬೇಡ ಎನ್ನುತ್ತಾಳೋ ಸುಮ್ಮನಿರು ಎನ್ನುತ್ತಾಳೋ ತಿಳಿಯದ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಬೆಳಗಾದರೆ ಸಮಿತಿ. ತಂದೆತಾಯಿಯ ಒಪ್ಪಿಗೆ ದೊಡ್ಡ ಬಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮೈ ಅವನದು. ಬಾಯಿ ಬಿಟ್ಟರೆ ಮೂತ್ರಪಿಂಡ ಕೆಟ್ಟ ಈ ಮೂಟೆ, ಒಂದು ಚಳಿಗಾಲ, ಅಷ್ಟೇ. ಜೀವನವಿಡೀ ಬಾಯಿಂದಲೇ ಕೆಟ್ಟವನಿಗೆ ಈಗ ಬಾಯಿ ಮುಚ್ಚುವುದು ಅಷ್ಟು ಕಷ್ಟವೇ?

ಮುದುಕಿ ಎದ್ದು ಬಂದು ಗಾಲಿಕುರ್ಚಿಯ ಮುಂದೆ ನಿಂತಳು. ಒರಟು ಹೆಬ್ಬೆರಳಿನಿಂದ ಅವನ ಹುಬ್ಬು ಸವರಿದಳು, ಕೆನ್ನೆ ಸವರಿದಳು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಅವನಿಗೆ ಸ್ಪರ್ಶ ತಿಳಿಯುತ್ತಿದ್ದುದು ಅಷ್ಟು ಜಾಗದಲ್ಲಿ ಮಾತ್ರ.

"ನನ್ನ ಮಗನ ಕಣ್ಣು ಸಣ್ಣದು. ನಿನ್ನದು ದೊಡ್ಡದು, ಚೆನ್ನಾಗಿದೆ" ಎಂದಳು. "ಒಂದ್ಸಲ ಅಮ್ಮಾ ಅಂತ ಕರೀತೀಯಾಪ್ಪಾ? ಇನ್ಮೇಲೆ ಈ ದನಿಯಲ್ಲೇ ಕರೀತಾನಲ್ಲ. ನಂಗೆ ರೂಢಿ ಆಗ್ಬೇಕು."

ಅಯ್ಯೋ, ಆಸೆ ಎಂಬುದು ಎಂಥ ಕೆಟ್ಟದ್ದು! ಲಿಶಾನ್ ತುಟಿ ನೆಕ್ಕಿಕೊಂಡ. ಕಣ್ಣು ಮುಚ್ಚಿದ. "ಅಮ್ಮಾ" ಎಂದ.

ಮುದುಕಿಯ ಮುಖ ಅರಳಿದ್ದು ನೋಡಬೇಕಿತ್ತು. ಮುದುಕ ಎರಡು ಕೈಯಿಂದ ಕಣ್ಣೊರೆಸಿಕೊಂಡ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೊದಲೇ ಮಾತಾಡಿಕೊಂಡು ಬಂದವರ ಹಾಗೆ ಟೋಪಿ ತೆಗೆದಿಟ್ಟು, ಕಡ್ಡಿ ಮುರಿದಷ್ಟು ಸದ್ದು ಮಾಡುವ ಮಂಡಿ ಊರಿ, ಇಬ್ಬರೂ ಅವನ ಮುಂದೆ ನೆಲಕ್ಕೆ ಕೂತರು.

 ಹಿರಿಯರು ಕಿರಿಯರಿಗೆ ಮಂಡಿಯೂರುವುದುಂಟೇ! ಹೊಸವರ್ಷದ ದಿನ ಹಣೆ ನೆಲಕ್ಕೆ ಹಚ್ಚುವುದು ಮಕ್ಕಳ ಕೆಲಸ. ಹಿರಿಯರ ತಲೆ ನಿನ್ನ ಕಾಲ ಬುಡಕ್ಕೆ ಬಿದ್ದರೆ ನಿನ್ನ ಆಯುಸ್ಸು ಕತ್ತರಿಸಿತೆಂದೇ ಅರ್ಥ. ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಕೇಳಿಕೊಂಡು ಬಂದ ಮಾತು. ಯಾರಾದರೂ ಬಾಗಲು ಹೋದರೆ ಓಡಿಹೋಗಿ ರಟ್ಟೆ ಹಿಡಿದು ಎತ್ತಬೇಕು. ಲಿಶಾನನಿಗೆ ರಟ್ಟೆ ಹಿಡಿಯಲು ಕೈಯಿಲ್ಲ. ಎದ್ದು ಓಡಲು ಕಾಲಿಲ್ಲ. ಮುಖ ತಿರುಗಿಸಬಹುದು, ಅಷ್ಟೇ. ಯಾಚಿನ್ ಓಡಿಬಂದು ಮುದುಕಿಯ ತೋಳು ಎಳೆದಳು, ಮುದುಕಿ ಕಲ್ಲಿನ ಹಾಗೆ ಕೂತಳು. ಮುದುಕನ ಹಣೆ ನೆಲಕ್ಕೆ ಬಡಿದ ಸದ್ದು ಒಮ್ಮೆ ಕೇಳಿತು. ಮತ್ತೊಮ್ಮೆ ಕೇಳಿತು.

"ಏಳಿ! ಏಳಿ ದೊಡ್ಡಪ್ಪಾ!" ಲಿಶಾನ್ ಕಿರುಚಿದ. "ಸಾಯೋದು ನಾನಲ್ಲ. ಎದ್ದು ಬರೋನು ನಾನು. ನಿಮ್ಮ ಹುಡುಗ ಅಲ್ಲ."

ಮುದುಕ ನೆಲದಿಂದ ಹಣೆ ಎತ್ತಿದ. ಏಳಲಿಲ್ಲ.

"ಅದು ಹ್ಯಾಗೆ? ಮೈ ನಮ್ಮ ಹುಡುಗಂದೇ ತಾನೆ?"

"ಮೈ ಅವಂದೇ. ಆದ್ರೆ ನಿಮ್ಮನೆ ದಾರಿ ನಂಗೆ ಗೊತ್ತಿಲ್ಲ ದೊಡ್ಡಪ್ಪಾ. ನಿಮ್ಮ ನಾಯಿ ಹೆಸರು ಗೊತ್ತಿಲ್ಲ. ಕಣ್ಣು ಬಿಟ್ಟ ಕೂಡಲೆ ನಾನು ಕೂಗೋದು ಯಾಚಿನ್ ಅಂತ. ಈಗ ಅಮ್ಮಾ ಅಂದೆನಲ್ಲ, ಅದು ಸುಳ್ಳು. ನನ್ನ ಅಮ್ಮ ಸತ್ತು ಬಹಳ ವರ್ಷ ಆಯ್ತು."

ಮುದುಕಿ ಯಾಚಿನ್‌ಳ ತೋಳು ಹಿಡಿದು ನಿಧಾನವಾಗಿ ಎದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಈಗ ಕೇಳಹೊರಟ ಪ್ರಶ್ನೆಯನ್ನು ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಇದುವರೆಗೆ ಯಾರನ್ನೂ ಕೇಳಿರಲಿಲ್ಲ, ಅದರ ಉತ್ತರವನ್ನು ಯಾರೂ ತಾವಾಗಿ ಹೇಳಿಯೂ ಇರಲಿಲ್ಲ. ಮಿದುಳು ಸ್ಪಂದಿಸುತ್ತಿಲ್ಲ ಎಂದಿದ್ದರು, ಮೈ ಬದುಕಿದೆ ಎಂದಿದ್ದರು, ಸುತ್ತಿ ಬಳಸಿ ಏನೇನೋ ಎಂದಿದ್ದರು.

"ಹಾಗಾದ್ರೆ ನನ್ನ ಮಗ ಹೋಗ್ಬಿಟ್ನಾ?"

"ಹೋದ, ದೊಡ್ಡಮ್ಮಾ" ಎಂದ ಲಿಶಾನ್.

ಅವಳು ಹೂಂ ಎಂದಳು. ಗಂಡನ ಟೋಪಿಯನ್ನು ನೆಲದಿಂದ ಎತ್ತಿ ಧೂಳು ಕೊಡವಿ ಅವನ ತಲೆಗಿಟ್ಟಳು, ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಹೊರಟುಹೋದರು. ಮೆಟ್ಟಿಲು ಅರ್ಧ ಇಳಿದ ಮೇಲೆ ಅವಳ ಅಳು ಕೇಳಿತು. ಕಟ್ಟಡದ ಬಾಗಿಲುಗಳೆಲ್ಲ ತೆರೆದವು.

ಒಳಗೆ ಲಿಶಾನ್ ತನ್ನ ಬಾಯಿಗೆ ತಾನೇ ಬೈದುಕೊಳ್ಳತೊಡಗಿದ. ನದಿಯ ದಡದಲ್ಲಿ ಕಲಿತ ಬೈಗುಳ ಒಂದೂ ಬಿಡಲಿಲ್ಲ. ಇನ್ನೊಂದು ಗಳಿಗೆ ನಾಲಿಗೆ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತು, ಅವರೇ ತಪ್ಪು ತಿಳಿದುಕೊಂಡದ್ದು, ನಾನೇನು ಕಿವಿಯಲ್ಲಿ ಊದಿದ್ದೆನೇ ಎಂದ. ಯಾಚಿನ್ ಅವನ ಪಕ್ಕ ಕೂತು, ಬೈದು ಮುಗಿಸು, ನಾನು ಇಲ್ಲೇ ಇರುತ್ತೇನೆ ಎಂದಳು. ಅವಳಿಗೆ ಸಂಕಟವಾಗಿತ್ತು. ಜೊತೆಗೆ ಅವಳ ಉಸಿರು ಬಹಳ ದಿನಗಳ ಮೇಲೆ ಸಲೀಸಾಗಿತ್ತು. ಎರಡನ್ನೂ ಗಂಡನಿಗೆ ಮುಚ್ಚಿಡದೆ ಹೇಳಿದಳು.

ಕತ್ತಲಾಗುವ ಮುಂಚೆ ಮೆಂಗ್ ಕೋಟಿನ ಗುಂಡಿ ಹಾಕದೆ ಬಿರುಗಾಳಿಯಂತೆ ಬಂದ. ಗೆಂಗ್ ದಂಪತಿಗಳು ಒಪ್ಪಿಗೆ ಹಿಂದಕ್ಕೆ ಪಡೆದಿದ್ದರು. ಸಮಿತಿ ಕೂಡುವುದು ರದ್ದಾಗಿತ್ತು. ನಿನ್ನ ಬಾಯಿಂದ ನೀನೇ ನಿನ್ನ ಗುಂಡಿ ತೋಡಿಕೊಂಡೆ, ನನ್ನ ಹತ್ತು ವರ್ಷವನ್ನೂ ಅದರಲ್ಲೇ ಹೂತೆ ಎಂದು ಕೂಗಾಡಿದ. ಲಿಶಾನ್ ಕೂಗಾಡಲು ಬಿಟ್ಟ.

"ಅವರು ಹಾಗೆ ತಿಳ್ಕೊಂಡಿದಾರೆ ಅಂತ ನಿಮಗೆ ಗೊತ್ತಿತ್ತಾ, ಡಾಕ್ಟ್ರೇ?"

ಮೆಂಗ್ ಕಿಟಕಿಯ ಕಡೆ ತಿರುಗಿದ. ಎರಡು ಗಾಜಿನ ನಡುವೆ ಕಟ್ಟಿದ ಹಿಮವನ್ನು ನೋಡುತ್ತ ನಿಂತ.

"ನಿನ್ನೆ ಗೊತ್ತಾಯ್ತು" ಎಂದ. "ಮೈ ಬದುಕುತ್ತೆ ಅಂತ ಹೇಳಿದ್ದು ಸುಳ್ಳಲ್ಲ, ಲಿಶಾನ್. ತಿದ್ದೋಣ ಅಂದ್ಕೊಂಡೆ. ಕೆಲಸ ಆದ್ಮೇಲೆ."

ಅವನು ಅಲ್ಲೇ ಮಣೆಯ ಮೇಲೆ ಕುಸಿದು ಕೂತ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಾಚಿನ್ ಅವನ ಮುಂದೆ ಕಡುಬಿನ ಬಟ್ಟಲಿಟ್ಟಳು. ಅವನು ಅಳುತ್ತ ತಿಂದ, ಲಿಶಾನ್ ನೋಡುತ್ತ ಕೂತ. ಕೆಟ್ಟವನಲ್ಲ ಮೆಂಗ್. ಮಂಜುಗಡ್ಡೆ ಸರಿಯುವವರೆಗೆ ತಾಳಲಾರದವನು. ಅಂಥವರ ಮೇಲೆ ಲಿಶಾನನಿಗೆ ಸಿಟ್ಟು ಬರುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ಪ್ರೊಫೆಸರ್ ಲುವಾನ್ ಫೋನು ಮಾಡಿದಳು. ಮುದುಕ ಮುದುಕಿ ರಾತ್ರಿಯಿಡೀ ಮಗನ ಪಕ್ಕ ಕೂತು ಮಾತಾಡಿಕೊಂಡರಂತೆ. ಬೆಳಿಗ್ಗೆ ತಾವಾಗಿ ಬಂದು, ಹೋದವನು ಹೋದ, ಅವನ ಹೃದಯ, ಮೂತ್ರಪಿಂಡ, ಕಣ್ಣು ಯಾರಿಗೆ ಬೇಕೋ ಅವರಿಗೆ ಕೊಡಿ ಎಂದರಂತೆ. ಈ ಸಲ ಅವಳು ಎದುರಿಗೆ ಕೂತು ಒಂದೊಂದು ಮಾತನ್ನೂ ಬಿಡಿಸಿ ಕೇಳಿದ್ದಳು, ಅವರು ಒಂದೊಂದಕ್ಕೂ ಗೊತ್ತು ಎಂದಿದ್ದರು. ಒಂದೇ ಒಂದು ಬೇಡಿಕೆ ಇಟ್ಟಿದ್ದರು. ನಮ್ಮ ಮಗ ಹೋದ ಎಂದು ನಮಗೆ ಹೇಳಿದವನು ಅವನೊಬ್ಬನೇ, ಕಳಿಸಿಕೊಡಲು ಅವನೂ ಬರಲಿ.

ಲಿಶಾನನಿಗೆ ಹೋಗುವ ಧೈರ್ಯವಿರಲಿಲ್ಲ. ಯಾಚಿನ್ ಅವನಿಗೆ ದಪ್ಪ ಕೋಟು ತೊಡಿಸಿ, ಟೋಪಿಯ ಕಿವಿ ಇಳಿಸಿ ಕಟ್ಟಿ, ಕಟ್ಟಡದ ನಾಲ್ಕು ಗಂಡಸರಿಂದ ಕುರ್ಚಿ ಇಳಿಸಿದಳು. ತಮಾಷೆ ಮಾಡುತ್ತಿದ್ದ ಆ ಗಂಡಸರು ಅಂದು ಒಂದೊಂದು ಮೆಟ್ಟಿಲನ್ನೂ ನೋಡಿ ನೋಡಿ ಇಳಿಸಿದರು.

ಹುಡುಗ ಹೊದಿಕೆಯ ಕೆಳಗೆ ನಿದ್ದೆ ಮಾಡುವವನ ಹಾಗೆ ಮಲಗಿದ್ದ. ಅಗಲವಾದ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ನಡುವಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಲಿಶಾನ್ ಮೊದಲ ಸಲ ಅವನನ್ನು ನೋಡಿದ. ಎರಡು ದಿನದಿಂದ ಆ ಭುಜ, ಆ ಎದೆ, ಆ ಕಾಲಿನ ಅಳತೆ ಕೇಳಿ ಕುಣಿದಿದ್ದನೇ ಹೊರತು ಆ ಮುಖ ಹೇಗಿದ್ದೀತು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಸಣ್ಣ ಕಣ್ಣು, ಚಿಗುರು ಗಡ್ಡ, ತುಂಟ ಮೂಗು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಏನು ಹೆಸರು ದೊಡ್ಡಮ್ಮಾ?"

"ಯುಟ್ಯೆನ್" ಎಂದಳು ಮುದುಕಿ. ಹೊದಿಕೆ ಸರಿಮಾಡುತ್ತ, ಜನ ಸರದಿ ಕಾದು ಇವನ ಕೈಯಲ್ಲೇ ಮೈ ಉಜ್ಜಿಸಿಕೊಳ್ಳುತ್ತಿದ್ದರು, ಅಂಥ ಕೈಗುಣ ಎಂದಳು. ಯಾಚಿನ್‌ಳಿಗೆ ಸನ್ನೆ ಮಾಡಿ ಕುರ್ಚಿಯನ್ನು ಮಂಚಕ್ಕೆ ತಾಗಿಸಿಕೊಂಡಳು. ಮಗನ ಬಲಗೈಯನ್ನು ಎರಡು ಕೈಯಿಂದ ಎತ್ತಿ ಲಿಶಾನನ ಕೆನ್ನೆಯ ಮೇಲಿಟ್ಟು ಹಿಡಿದಳು.

ದಪ್ಪ ಅಂಗೈ. ವರ್ಷಾನುಗಟ್ಟಲೆ ಬಿಸಿನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಬೆರಳ ಬುಡದಲ್ಲಿ ಮಾತ್ರ ಗಟ್ಟಿ. ನಾಡಿ ಬಡಿಯುತ್ತಿದ್ದುದು ಲಿಶಾನನ ದವಡೆಗೆ ತಿಳಿಯುತ್ತಿತ್ತು. ಐದು ವರ್ಷ ಕನಸು ಕಂಡ ಕೈ. ಎಷ್ಟು ಬೆಚ್ಚಗಿತ್ತು!

"ನಿಂಗೆ ಈ ಮೈ ಬೇಕಿತ್ತಾಪ್ಪಾ?" ಎಂದು ಮುದುಕಿ ಮೆಲ್ಲಗೆ ಕೇಳಿದಳು.

"ಬೇಕಿತ್ತು ದೊಡ್ಡಮ್ಮಾ" ಎಂದ ಲಿಶಾನ್. "ಈಗಲೂ ಬೇಕು."

ಅವಳು ತಲೆಯಾಡಿಸಿದಳು. ಕೈಯನ್ನು ತೆಗೆಯಲಿಲ್ಲ. ನರ್ಸುಗಳು ಮಂಚ ತಳ್ಳಿಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತವರು, ಅವಳು ತಾನಾಗಿ ತೆಗೆಯುವವರೆಗೂ ಕಾದರು.